ಹನ್ನೊಂದು ತಿಂಗಳ ಕಾಗದ

ಪುಣೆಯಲ್ಲಿ ಹೋಟೆಲು ಹಾಕಲು ಹೊರಟ ನಮ್ಮ ಕಡೆಯ ಹುಡುಗನಿಗೆ ಮೊದಲು ಸಿಗುವ ಕಾನೂನು ಸಲಹೆ ಲೈಸೆನ್ಸಿನದು. ಶಾಪ್ ಆ್ಯಕ್ಟ್ ಮಾಡಿಸು, ಎಫ್‌ಎಸ್‌ಎಸ್‌ಎಐ ಮಾಡಿಸು, ಫ್ರೇಮು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕು, ಇನ್‌ಸ್ಪೆಕ್ಟರ್ ಬಂದರೆ ತೋರಿಸಿದರಾಯಿತು. ಜಾಗದ ಕರಾರಿನ ಮಾತು ಬಂದಾಗ ಮಾತ್ರ ಅದೇ ಹಿರಿಯರು, "ಹನ್ನೊಂದು ತಿಂಗಳಿಗೊಂದು ಕಾಗದ ಬರೆಸಿ ನೋಟರಿ ಮಾಡಿಸು ಮಾರಾಯ, ನಮ್ಮವರೇ ಅಲ್ಲವಾ?" ಎಂದು ಮಾತು ಮುಗಿಸುತ್ತಾರೆ. ಈ ಸಲಹೆ ತಲೆಕೆಳಗಾಗಿದೆ. ಲೈಸೆನ್ಸಿನ ತಪ್ಪನ್ನು ಬಹಳ ಸಲ ದಂಡ ಕಟ್ಟಿ ಸರಿಪಡಿಸಬಹುದು. 2017ರ ಹೊಸ ಕಾಯ್ದೆ ಬಂದ ಮೇಲೆ ಮಹಾರಾಷ್ಟ್ರದಲ್ಲಿ ತೀರಾ ಸಣ್ಣ ಅಂಗಡಿಗಳಿಗೆ ಶಾಪ್ ಆ್ಯಕ್ಟ್ ನೋಂದಣಿಯೂ ಬೇಕಿಲ್ಲ, ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟರೆ ಸಾಕು. ಕರಾರು ಕೆಟ್ಟರೆ ಹೋಗುವುದು ಹೋಟೆಲೇ.

ಹನ್ನೊಂದು ತಿಂಗಳ ಲೆಕ್ಕ ಎಲ್ಲಿಂದ ಬಂತು ಎಂಬುದು ಗುಟ್ಟೇನಲ್ಲ. ಒಂದು ವರ್ಷ ಮೀರಿದ ಗೇಣಿ-ಬಾಡಿಗೆಯ ಪತ್ರಗಳನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಹನ್ನೊಂದಕ್ಕೆ ನಿಲ್ಲಿಸಿದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ತಪ್ಪುತ್ತದೆ. ಉಡುಪಿಯಲ್ಲೋ ಬೆಂಗಳೂರಿನಲ್ಲೋ ಈ ಉಪಾಯ ನಡೆಯುತ್ತದೆ. ಪುಣೆಯಲ್ಲಿ ನಡೆಯುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಬಾಡಿಗೆಯಾಗಲಿ, ಲೀವ್ ಅಂಡ್ ಲೈಸೆನ್ಸ್ (ಜಾಗ ಬಳಸಲು ಅನುಮತಿ ಮಾತ್ರ ಕೊಡುವ ಕರಾರು) ಆಗಲಿ, ಅವಧಿ ಎಷ್ಟೇ ಇರಲಿ, ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ನೋಂದಣಿ ಮಾಡಿಸುವ ಹೊಣೆ ಜಾಗದ ಮಾಲೀಕನದು. ತಪ್ಪಿದರೆ ಅವನಿಗೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ನೋಂದಾಯಿತ ಕರಾರು ಇಲ್ಲದಿದ್ದರೆ, ಬೇರೆ ರೀತಿ ರುಜುವಾತಾಗುವ ತನಕ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ನೋಟರಿಯ ಕೆಂಪು ಸೀಲು ಇದ್ಯಾವುದಕ್ಕೂ ಬದಲಿಯಲ್ಲ.

ಖರ್ಚು ಜಾಸ್ತಿ ಎನ್ನುವವರು ಲೆಕ್ಕ ಹಾಕಿ ನೋಡಲಿ. ತಿಂಗಳಿಗೆ 50,000 ರೂಪಾಯಿ, ಐದು ಲಕ್ಷ ಡಿಪಾಸಿಟ್ಟು, ಐದು ವರ್ಷದ ಲೀವ್ ಅಂಡ್ ಲೈಸೆನ್ಸ್ ಎನ್ನಿ. ಒಟ್ಟು ಬಾಡಿಗೆ 30 ಲಕ್ಷ. ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಹಿಡಿದರೆ ಎರಡೂವರೆ ಲಕ್ಷ. ಎರಡೂ ಸೇರಿದ ಮೊತ್ತಕ್ಕೆ ಶೇ. 0.25ರ ಮುದ್ರಾಂಕ ಶುಲ್ಕ ಎಂದರೆ 8,125 ರೂಪಾಯಿ, ಮೇಲೆ ನೋಂದಣಿಗೆ ಒಂದು ಸಾವಿರ. ಹೊಸ ಹೋಟೆಲಿನ ಬೋರ್ಡಿಗೆ ಇದಕ್ಕಿಂತ ಹೆಚ್ಚು ಸುರಿಯುತ್ತೇವೆ.

ಆದರೆ ನಿಜವಾದ ಅಪಾಯ ಇರುವುದು ಕಂಡಕ್ಟಿಂಗಿನಲ್ಲಿ. ಮುಂಬೈ-ಪುಣೆಯ ಹೋಟೆಲು ಲೋಕದಲ್ಲಿ ಇದು ಹಳೇ ಪದ್ಧತಿ. ಮಾಲೀಕ ನಡೆಯುತ್ತಿರುವ ಹೋಟೆಲನ್ನು ಇನ್ನೊಬ್ಬನ ಕೈಗೆ ಕೊಡುತ್ತಾನೆ, ಇವನು ತಿಂಗಳಿಗಿಷ್ಟು ಎಂದು ರಾಯಲ್ಟಿ ಕಟ್ಟಿ ಉಳಿದದ್ದನ್ನು ದುಡಿದುಕೊಳ್ಳುತ್ತಾನೆ. ಲೈಸೆನ್ಸು, ಜಿಎಸ್‌ಟಿ, ಲೈಟು ಬಿಲ್ಲು ಎಲ್ಲ ಧಣಿಯ ಹೆಸರಿನಲ್ಲೇ. "ಹೆಸರು ಅವರದಿರಲಿ, ಗಲ್ಲಾ ನಮ್ಮದಲ್ಲವಾ" ಎನ್ನುವುದು ಸಾಮಾನ್ಯ ಸಮಾಧಾನ. ಬಂಡವಾಳವಿಲ್ಲದೆ ಬಂದ ಎಷ್ಟೋ ಮಂದಿ ಈ ದಾರಿಯಲ್ಲೇ ಸ್ವಂತ ಹೋಟೆಲು ಮಾಡಿದ್ದಾರೆ. ಆದ್ದರಿಂದ, ಕಂಡಕ್ಟಿಂಗ್ ಮುಟ್ಟಲೇಬೇಡ ಎನ್ನುವ ವಕೀಲರ ಬುದ್ಧಿಮಾತೂ ನನಗೆ ಒಪ್ಪಿಗೆಯಿಲ್ಲ. ಕೈಯಲ್ಲಿ ಕಾಸಿಲ್ಲದವನಿಗೆ ಅದು ಸಲಹೆಯೇ ಅಲ್ಲ.

ಆದರೂ 1973 ನೆನಪಿರಲಿ. ಆ ವರ್ಷ ಬಾಂಬೆ ಬಾಡಿಗೆ ಕಾಯ್ದೆಗೆ ತಿದ್ದುಪಡಿ ತಂದು, ಫೆಬ್ರುವರಿ 1ರಂದು ಚಾಲ್ತಿ ಲೀವ್ ಅಂಡ್ ಲೈಸೆನ್ಸಿನ ಮೇಲೆ ಜಾಗದಲ್ಲಿದ್ದವರನ್ನು ಬಾಡಿಗೆದಾರರೆಂದೇ ಗಣಿಸಲಾಯಿತು. ಜಾಗಕ್ಕೆ ಹಕ್ಕು ಬಂತು. ಆದರೆ ಮಾಲೀಕನ ನಡೆಯುತ್ತಿರುವ ವ್ಯಾಪಾರವನ್ನು ನಡೆಸಿಕೊಡುವವನನ್ನು ಕಾನೂನು ಲೈಸೆನ್ಸುದಾರ ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. 1999ರ ಕಾಯ್ದೆಯಲ್ಲೂ ಆ ಮಾತು ಹಾಗೇ ಉಳಿದಿದೆ. ಕಂಡಕ್ಟಿಂಗ್ ಎಂಬ ಕಾಗದಕ್ಕೆ ಸಹಿ ಹಾಕಿದವನು, ಈ ಹೋಟೆಲು ನನ್ನದಲ್ಲ, ಇದರ ಹೆಸರು-ಗಿರಾಕಿ ಯಾವುದೂ ನನ್ನದಲ್ಲ ಎಂದು ತಾನೇ ಬರೆದುಕೊಟ್ಟಂತೆ.

ಕೋರ್ಟು ತಲೆಬರಹ ನೋಡುವುದಿಲ್ಲ, ಒಳಗಿನ ವಸ್ತುಸ್ಥಿತಿ ನೋಡುತ್ತದೆ ಎಂದು ಧೈರ್ಯ ಹೇಳುವವರಿದ್ದಾರೆ. ನಿಜ. ದೆಹಲಿಯ ಇಂಪೀರಿಯಲ್ ಹೋಟೆಲಿನಲ್ಲಿ ಕ್ಷೌರದಂಗಡಿ ಇಟ್ಟಿದ್ದವರ ಪ್ರಕರಣದಲ್ಲಿ, ಲೈಸೆನ್ಸ್ ಎಂದು ಬರೆದಿದ್ದ ಪತ್ರವನ್ನು ಸುಪ್ರೀಂ ಕೋರ್ಟು 1959ರಲ್ಲೇ ಬಾಡಿಗೆ ಪತ್ರವೆಂದು ತೀರ್ಮಾನಿಸಿತು. ಆದರೆ ವಸ್ತುಸ್ಥಿತಿಗೆ ಪುರಾವೆ ಏನು? ಮತ್ತೆ ಅದೇ ಗೋಡೆಯ ಫ್ರೇಮುಗಳು, ಅವುಗಳ ಮೇಲಿನ ಹೆಸರು. ಹತ್ತು ವರ್ಷ ಮೂರು ಗಂಟೆಗೆದ್ದು ಹಿಟ್ಟು ರುಬ್ಬಿಸಿದವನ ಹೆಸರಿನಲ್ಲಿ ಒಂದು ಬಿಲ್ಲೂ ಇರುವುದಿಲ್ಲ. ವಹಿವಾಟೆಲ್ಲ ಧಣಿಯ ಪ್ಯಾನ್ ನಂಬರಿಗೆ ಹೋಗಿರುತ್ತದೆ. ಬ್ಯಾಂಕಿಗೆ ಸಾಲ ಕೇಳಲು ಹೋದರೆ ಮ್ಯಾನೇಜರಿಗೆ ತೋರಿಸಲು ಇವನಿಗೆ ಆದಾಯವೇ ಇಲ್ಲ.

ಆದ್ದರಿಂದ ಲೈಸೆನ್ಸು ಇದೆಯೋ ಇಲ್ಲವೋ ಎಂದು ಕೇಳುವ ಮೊದಲು ಯಾರ ಹೆಸರಿನಲ್ಲಿದೆ ಎಂದು ಕೇಳಬೇಕು. ಅಡುಗೆಮನೆ ನಡೆಸುವವನೇ ಎಫ್‌ಎಸ್‌ಎಸ್‌ಎಐ ಮತ್ತು ಜಿಎಸ್‌ಟಿ ತನ್ನ ಹೆಸರಿಗೆ ಮಾಡಿಸಿಕೊಳ್ಳುವುದು ಕ್ರಮ. ಧಣಿ ಬೇಜಾರು ಮಾಡಿಕೊಂಡಾರು ಎನ್ನುವವರಿಗೆ ಒಂದು ಮಾತು: ಸಾಂಬಾರು ತಿಂದ ಯಾರಿಗೋ ವಾಂತಿಯಾದರೆ ಮೊದಲ ನೋಟಿಸು ಬರುವುದು ಲೈಸೆನ್ಸಿನಲ್ಲಿ ಹೆಸರಿರುವ ಧಣಿಗೇ. ಹೆಸರು ಬದಲಾದರೆ ಅವರಿಗೂ ಲಾಭ.

ಕರಾರಿನ ಕೊನೆಯ ಪುಟದಲ್ಲಿ ಸಾಮಾನಿನ ಪಟ್ಟಿ ಇರಲಿ: ಗ್ರೈಂಡರು ಎಷ್ಟು, ಕಾವಲಿ ಎಷ್ಟು, ಫ್ರಿಜ್ಜು ಯಾವ ಸ್ಥಿತಿಯಲ್ಲಿದೆ, ನಡೆಸುವವನು ಹೊಸದಾಗಿ ತಂದದ್ದು ಯಾವುದು. ಬಿಡಲು ಎಷ್ಟು ತಿಂಗಳ ನೋಟಿಸು, ಡಿಪಾಸಿಟ್ಟು ವಾಪಸಾಗುವುದು ಯಾವಾಗ, ತಡವಾದರೆ ಬಡ್ಡಿ ಎಷ್ಟು ಎಂಬುದನ್ನೂ ಬರೆಸಬೇಕು. ಊರಿನ ದೇವಸ್ಥಾನದ ಮುಂದೆ ಕೊಟ್ಟ ಮಾತಿದೆ ಎನ್ನುವವರು ಇಷ್ಟನ್ನು ಯೋಚಿಸಲಿ: ಮಾತು ಕೊಟ್ಟವರು ತೀರಿಕೊಂಡ ಮೇಲೆ ಗಲ್ಲಾದ ಮುಂದೆ ಬಂದು ನಿಲ್ಲುವುದು ಅವರ ಮಕ್ಕಳು, ಮತ್ತು ಆ ಮಾತು ಆಡುವಾಗ ಅವರು ಅಲ್ಲಿ ಇರಲೇ ಇಲ್ಲ.