ಹಾಡಿನ ವಿಡಿಯೊ: ಕತ್ತರಿಯ ಕೆಲಸ ನೋಡುವ ಬಗೆ

ಹಾಡಿನ ವಿಡಿಯೊ ನೋಡುವಾಗ ನಟರನ್ನೂ ಉಡುಪನ್ನೂ ಜಾಗವನ್ನೂ ಮೆಚ್ಚುತ್ತೇವೆ. ಎರಡು ಶಾಟ್‌ಗಳು ಕೂಡುವ ಕಡೆ ಕಣ್ಣು ಹೋಗುವುದಿಲ್ಲ. ಸರಿಯಾಗಿ ಕೂಡಿದ್ದರೆ ಅದು ಕಾಣುವುದೂ ಇಲ್ಲ. ಸಿನಿಮಾದವರು ಕಂಟಿನ್ಯುಟಿ ಎನ್ನುವ ಈ ಕೆಲಸವನ್ನು ಒಮ್ಮೆ ಗುರುತಿಸಲು ಕಲಿತರೆ ನೋಡುವ ರುಚಿಯೇ ಬದಲಾಗುತ್ತದೆ.

ಕಾಲೇಜು ತಂಡವೊಂದು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಹಾಡು ಚಿತ್ರಿಸುತ್ತಿದೆ ಎಂದುಕೊಳ್ಳಿ. ಪಾಳಿ ಮುಗಿಸಿದ ಹುಡುಗ ಕಾರ್ಖಾನೆಯ ಗೇಟಿನಿಂದ ಹಾಡುತ್ತ ಬಂದು ಧಾರವಾಡದ ಬಸ್ ಹತ್ತುತ್ತಾನೆ. ಅಷ್ಟೇ ಕಥೆ.

ದಿಕ್ಕು ನೋಡಿ. ಬಸ್ಸು ತೆರೆಯ ಮೇಲೆ ಎಡದಿಂದ ಬಲಕ್ಕೆ ಹೊರಟಿದೆ. ಮುಂದಿನ ಶಾಟ್‌ಗೆ ಕ್ಯಾಮೆರಾ ರಸ್ತೆ ದಾಟಿ ಆಚೆ ನಿಂತರೆ ಅದೇ ಬಸ್ಸು ಬಲದಿಂದ ಎಡಕ್ಕೆ ಓಡುತ್ತದೆ. ಹುಡುಗ ಊರಿಗೆ ಬರುವ ಬದಲು ಬೆಳಗಾವಿ ಕಡೆ ಹೋದಂತಾಗುತ್ತದೆ. ಅದಕ್ಕೇ ಚಲನೆಯ ಉದ್ದಕ್ಕೆ ಗೆರೆಯೊಂದನ್ನು ಊಹಿಸಿಕೊಂಡು ಕ್ಯಾಮೆರಾವನ್ನು ಒಂದೇ ಬದಿಯಲ್ಲಿಡುತ್ತಾರೆ. ಇದೇ 180 ಡಿಗ್ರಿ ನಿಯಮ. ದಾಟಲೇಬೇಕಾದರೆ ಬಸ್ಸು ನೇರ ನಮ್ಮೆದುರು ಬರುವ ಶಾಟ್ ಒಂದನ್ನು ನಡುವೆ ಇಡುತ್ತಾರೆ.

ಚಲನೆ ನೋಡಿ. ದೂರದ ಶಾಟ್‌ನಲ್ಲಿ ಹುಡುಗ ಕಾಲೆತ್ತುತ್ತಾನೆ, ಹತ್ತಿರದ ಶಾಟ್‌ನಲ್ಲಿ ಆ ಕಾಲು ಬಸ್ಸಿನ ಮೆಟ್ಟಿಲ ಮೇಲೆ ಊರುತ್ತದೆ. ಕಣ್ಣು ಕಾಲಿನ ಹಿಂದೆ ಹೋಗುವುದರಿಂದ ಕಟ್ ಗೊತ್ತಾಗುವುದಿಲ್ಲ. ಇದಕ್ಕಾಗಿ ನಟ ಎರಡು ಕಡೆಯಿಂದಲೂ ಇಡೀ ಕ್ರಿಯೆಯನ್ನು ಮಾಡಿರಬೇಕು. ಕ್ಯಾಮೆರಾ ಕೋನ ಕನಿಷ್ಠ 30 ಡಿಗ್ರಿಯಾದರೂ ಬದಲಾಗಬೇಕು. ಇಲ್ಲವಾದರೆ ಚಿತ್ರ ಎಗರಿದಂತೆ ಕಾಣುತ್ತದೆ.

ತುಟಿ ನೋಡಿ. ಹಾಡು ಮೊದಲೇ ಧ್ವನಿಮುದ್ರಣವಾಗಿರುತ್ತದೆ. ಚಿತ್ರೀಕರಣದಲ್ಲಿ ಅದನ್ನೇ ಸ್ಪೀಕರಿನಲ್ಲಿ ಹಾಕಿ ತುಟಿ ಕೂಡಿಸುತ್ತಾರೆ. ನಿಧಾನಗತಿಗೆ ಲೆಕ್ಕ ಬೇರೆ. ಸೆಕೆಂಡಿಗೆ 50 ಫ್ರೇಮ್ ತೆಗೆದು 25ರಲ್ಲಿ ತೋರಿಸುವುದಾದರೆ ಹಾಡನ್ನು ಇಮ್ಮಡಿ ವೇಗದಲ್ಲಿ ಹಾಕಬೇಕು, ನಟನೂ ಅದೇ ವೇಗದಲ್ಲಿ ಹಾಡಬೇಕು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿ ವಿಷ್ಣುವರ್ಧನ್–ಆರತಿಯವರ ಮೇಲೆ ಚಿಟ್ಟಿಬಾಬು ಚಿತ್ರಿಸಿದ ನಿಧಾನಗತಿಯ ಹಾಡನ್ನು ಮತ್ತೊಮ್ಮೆ ನೋಡಿ. ಆಗ ಸಿನಿಮಾ ಕೆಲಸಕ್ಕೆ ಕಂಪ್ಯೂಟರ್ ಇರಲಿಲ್ಲ. ರೀಲನ್ನೇ ವೇಗವಾಗಿ ಓಡಿಸಬೇಕಿತ್ತು, ಖರ್ಚೂ ಅಷ್ಟೇ ಏರುತ್ತಿತ್ತು.

ನೆರಳು, ವಸ್ತು ನೋಡಿ. ನಾಲ್ಕು ಗಂಟೆಯ ನೆರಳೂ ಆರು ಗಂಟೆಯ ನೆರಳೂ ಒಂದೇ ಉದ್ದ ಇರುವುದಿಲ್ಲ. ಊಟದ ಡಬ್ಬಿ ಯಾವ ಕೈಯಲ್ಲಿತ್ತು, ತೋಳು ಎಷ್ಟು ಮಡಚಿತ್ತು ಎಂಬುದನ್ನು ಪ್ರತಿ ಟೇಕ್ ಆದಮೇಲೂ ಮೊಬೈಲಿನಲ್ಲಿ ಹಿಡಿದಿಡುವ ಒಬ್ಬರು ತಂಡದಲ್ಲಿರಲೇಬೇಕು. ‘ಮುಂಗಾರು ಮಳೆ’ಯಂಥ (2006) ಚಿತ್ರದಲ್ಲಾದರೆ ಒದ್ದೆ ಕೂದಲೂ ಲೆಕ್ಕಕ್ಕೆ ಬರುತ್ತದೆ.

ಹಾಡಿಗೆ ಒಂದು ವಿನಾಯಿತಿ ಉಂಟು. ಗೇಟಿನ ಮುಂದೆ ಶುರುವಾದ ಸಾಲು ಜೋಗದಲ್ಲಿ ಮುಗಿದರೂ ನಾವು ಒಪ್ಪುತ್ತೇವೆ, ಏಕೆಂದರೆ ತಾಳ ಕಡಿದಿರುವುದಿಲ್ಲ. ಆದರೆ ಒಂದೇ ಹೆಜ್ಜೆಯ ನಡುವೆ ಎಗರಿದರೆ ಒಪ್ಪುವುದಿಲ್ಲ. ತಾಳದ ಪ್ರತಿ ಪೆಟ್ಟಿಗೂ ಕತ್ತರಿಸುವುದೂ ಜಾಣತನವಲ್ಲ. ಧಾರವಾಡದ ಬೈಠಕ್‌ಗಳಲ್ಲಿ ಕುಳಿತವರಿಗೆ ಗೊತ್ತು, ಗಾಯಕ ಕಾಯಿಸಿ ಕಾಯಿಸಿ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದಾಗಲೇ ‘ವಾಹ್’ ಬರುವುದು. ಒಳ್ಳೆಯ ಸಂಕಲನಕಾರನೂ ಶಾಟನ್ನು ಹಾಗೆಯೇ ಕಾಯಿಸುತ್ತಾನೆ.

ಯಾವುದೇ ವಿಡಿಯೊವನ್ನು ಮೊದಲು ಸುಮ್ಮನೆ ನೋಡಿ, ಆಮೇಲೆ ಧ್ವನಿ ಮುಚ್ಚಿ ನೋಡಿ. ಹಾಡಿಲ್ಲದೆಯೂ ಹುಡುಗ ಎಲ್ಲಿಂದ ಎಲ್ಲಿಗೆ ಹೋದ ಎಂದು ತಿಳಿದರೆ ಕೆಲಸ ಗೆದ್ದಿದೆ. ವಿದ್ಯಾರ್ಥಿಗಳ ವಿಡಿಯೊಗೆ ಚಪ್ಪಾಳೆ ತಟ್ಟುವಾಗ ಡ್ರೋನ್ ಶಾಟ್‌ಗಿಂತ ಮೊದಲು ಇದಕ್ಕೆ ತಟ್ಟಿ.