‘ಮುಟ್ಟು’ ಎಂಬ ಪದದ ಭಾರ

ಇಂಗ್ಲಿಷಿನ ‘ಟಚ್’ ಈಗ ಹೆಚ್ಚುಕಡಿಮೆ ಕನ್ನಡದ್ದೇ ಪದ. ಮೊಬೈಲಿಗೆ ಟಚ್ ಸ್ಕ್ರೀನ್, ಮದುಮಗಳಿಗೆ ಟಚಪ್, ಹಳೆಯ ಗೆಳೆಯನ ಬಗ್ಗೆ ಕೇಳಿದರೆ ‘ಈಗ ಟಚ್‌ನಲ್ಲಿಲ್ಲ’ ಎಂಬ ಉತ್ತರ. ಮಂಡ್ಯದ ಮೊಬೈಲ್ ಅಂಗಡಿಯಲ್ಲಾಗಲಿ, ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಾಗಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಈ ಪದ ಇಷ್ಟು ಸಲೀಸಾಗಿ ಒಳಬಂದದ್ದು, ಅದಕ್ಕೆ ನಮ್ಮ ಊರಿನ ನೆನಪುಗಳಿಲ್ಲ ಎಂಬ ಕಾರಣಕ್ಕಿರಬಹುದೇ? ನಮ್ಮದೇ ಆದ ‘ಮುಟ್ಟು’ ಅಷ್ಟು ಹಗುರವಲ್ಲ.

ನಾವು ಊರು ಮುಟ್ಟುತ್ತೇವೆ, ಸುದ್ದಿ ಮುಟ್ಟಿಸುತ್ತೇವೆ. ಒಳ್ಳೆಯ ಮಾತು ಮನ ಮುಟ್ಟುತ್ತದೆ. ಮಕ್ಕಳಿಗೆ ಮುಟ್ಟಾಟ, ಸಾಲ ತೀರಿಸದವನಿಗೆ ಮುಟ್ಟುಗೋಲು, ಬೇಲಿಯ ಬದಿಯಲ್ಲಿ ಮುಟ್ಟಿದರೆ ಮುನಿ. ಕಮ್ಮಾರನ, ರೈತನ ಸಲಕರಣೆಗಳಿಗೂ ‘ಮುಟ್ಟು’ ಎಂಬ ಹೆಸರಿದೆ. ಹೆಣ್ಣಿನ ತಿಂಗಳ ದಿನಗಳಿಗೂ ಅದೇ ಪದ. ಆದರೆ ‘ಮುಟ್ಟಾದವಳು’ ಎಂದೊಡನೆ ‘ಮುಟ್ಟಬಾರದವಳು’ ಎಂದು ಮನೆ ತೀರ್ಮಾನಿಸಿಬಿಡುತ್ತದೆ. ಇನ್ನು ‘ಮುಟ್ಟಿಸಿಕೊಳ್ಳದವರು’ ಎಂಬ ಮಾತನ್ನು ನೋಡಿ. ವ್ಯಾಕರಣದ ಲೆಕ್ಕದಲ್ಲಿ ಮುಟ್ಟಿಸಿಕೊಳ್ಳಲು ಒಪ್ಪದವನು ಮೇಲ್ಜಾತಿಯವನು. ಹೆಸರು ಬಿದ್ದದ್ದು ಮಾತ್ರ ಕೇರಿಯವನಿಗೆ!

ಈ ತಿರುವುಮುರುವನ್ನು ಸರಿಪಡಿಸಿದವರು ಪಿ. ಲಂಕೇಶ್. ಅವರ ‘ಮುಟ್ಟಿಸಿಕೊಂಡವನು’ ಕಥೆಯ ಬಸಲಿಂಗ ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳುತ್ತಾನೆ. ಡಾಕ್ಟರ್ ತಿಮ್ಮಪ್ಪ ದಲಿತ ಎಂದು ತಿಳಿದಾಗ ಮೈಲಿಗೆ ಕಳೆಯಲು ಸ್ನಾನ ಮಾಡಿ, ಕಣ್ಣನ್ನೇ ಕಳೆದುಕೊಳ್ಳುತ್ತಾನೆ. ಗುಣಪಡಿಸಿದ್ದು ಮುಟ್ಟಿದ ಕೈ, ಕೆಡಿಸಿದ್ದು ಶುದ್ಧಿಯ ನೀರು. ಶೀರ್ಷಿಕೆಯ ಬೆರಳು ತಿಮ್ಮಪ್ಪನ ಕಡೆಗಲ್ಲ, ಬಸಲಿಂಗನ ಕಡೆಗಿದೆ. ಕಥೆಯ ಬಲ ಇಲ್ಲಿದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ತಿಮ್ಮಪ್ಪ ನುರಿತ ವೈದ್ಯ. ಅವನ ಸ್ಪರ್ಶದಿಂದ ಲಾಭವಿದೆ. ಕೈಗುಣವೂ ಪದವಿಯೂ ಇಲ್ಲದ ಕೂಲಿಯವನನ್ನು ಬಸಲಿಂಗ ಮುಟ್ಟಬೇಕೆಂದು ಈ ಕಥೆ ಒತ್ತಾಯಿಸಬಲ್ಲದೇ?

ಆ ಪ್ರಶ್ನೆಗೆ ಉತ್ತರ ಮಳವಳ್ಳಿ ಸೀಮೆಯಲ್ಲಿದೆ. ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ನೀಲಗಾರರು ಹಾಡುವ ಆ ಮಹಾಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ್ದಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಇದರಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಮೈತುಂಬ ಕುಷ್ಠದ ಹುಣ್ಣು ಹೊತ್ತು, ಹೆಂಡ ಮಾಂಸಗಳೊಂದಿಗೆ. ಅವನಲ್ಲಿ ಆಕರ್ಷಿಸುವಂಥದ್ದು ಏನೂ ಇಲ್ಲ. ಸಮಾನತೆಯ ಮಾತಾಡುವ ಶರಣರೇ ಹೇಸಿ ದೂರ ಸರಿಯುತ್ತಾರೆ. ಬಸವಣ್ಣ ಮತ್ತು ನೀಲಮ್ಮ ಗುರುತಿಸುತ್ತಾರೆ. ಲಂಕೇಶರ ಕಥೆ ಮುಟ್ಟದಿದ್ದರೆ ನಷ್ಟವೇನು ಎಂದು ಕೇಳಿದರೆ, ಈ ಕಾವ್ಯ ಲಾಭವಿಲ್ಲದಿದ್ದರೂ ಮುಟ್ಟುತ್ತೀರಾ ಎಂದು ಕೇಳುತ್ತದೆ. ಎರಡನೆಯದು ಹೆಚ್ಚು ಕಠಿಣವಾದ ಪ್ರಶ್ನೆ.

ಇದೇ ಕಾವ್ಯದಲ್ಲಿ ಹಲಗೂರಿನ ಪಾಂಚಾಳರು ಕಬ್ಬಿಣದ ಭಿಕ್ಷೆಯನ್ನು ನಿರಾಕರಿಸುತ್ತಾರೆ. ಊರಿಗೆಲ್ಲ ಮುಟ್ಟು ಮಾಡಿಕೊಡುವ ಕೈಗಳು ಅವು! ಕೊನೆಗೆ ಆ ಭಿಕ್ಷೆ ಬೇಡಲು ಹೋಗುವ ಸಿದ್ದಪ್ಪಾಜಿಯೂ ಅದೇ ಕಸುಬಿನ ಮನೆಯ ಮಗ. ದುಡಿಯುವವರ ನಡುವೆಯೂ ಗೋಡೆಗಳಿವೆ ಎಂಬುದನ್ನು ಹಾಡು ಮರೆಮಾಚುವುದಿಲ್ಲ.

ಸಂವಿಧಾನದ 17ನೇ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರಲ್ಲಿ ಶಿಕ್ಷೆಯ ಕಾಯ್ದೆಯೂ ಬಂತು. ಆದರೆ ಮುಟ್ಟುವ ಭಯ ಹೊಸ ವೇಷ ತೊಡುತ್ತಲೇ ಇರುತ್ತದೆ. 2020ರ ಕೊರೋನಾ ದಿನಗಳಲ್ಲಿ ಮುಸ್ಲಿಂ ತರಕಾರಿ ವ್ಯಾಪಾರಿಗಳನ್ನು ಊರೊಳಗೆ ಬಿಡಬೇಡಿ ಎಂಬ ಕೂಗು ಕರ್ನಾಟಕದ ಹಲವೆಡೆ ಎದ್ದಿತು. ರೋಗದ ಹೆಸರಿನಲ್ಲಿ ಹಳೆಯ ಮೈಲಿಗೆಯೇ ಮರಳಿ ಬಂದಿತ್ತು. ಹಾಗೆಂದು ನಾವು ಬೇರೆಯವರನ್ನಷ್ಟೇ ದೂರುವಂತಿಲ್ಲ. ನಮಾಝಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರೇ ಹೆಣ್ಣು ಕೇಳಲು ಹೋದಾಗ ‘ಯಾವ ಪಂಗಡ’ ಎಂದು ವಿಚಾರಿಸುವುದುಂಟು.

‘ಟಚ್’ ಎಂದು ಹೇಳಿ ಈ ಲೆಕ್ಕದಿಂದ ತಪ್ಪಿಸಿಕೊಳ್ಳಬಹುದು. ‘ಮುಟ್ಟು’ ಎಂದರೆ ಆಗದು. ಯಾರನ್ನು, ಯಾರು, ಎಲ್ಲಿಯವರೆಗೆ ಎಂಬ ಪ್ರಶ್ನೆ ಆ ಪದದ ಬೆನ್ನಿಗೇ ಬರುತ್ತದೆ. ನೀಲಗಾರರ ಹಾಡಿಗೆ ತಲೆದೂಗುವ ನಾವು ಮೊದಲು ಅದಕ್ಕೆ ಉತ್ತರ ಹೇಳಬೇಕು.