ಇಂಗ್ಲಿಷ್ ತರಗತಿಯಲ್ಲಿ ಕೇರಿಯ ಮಾತು

2019ರಲ್ಲಿ ಕರ್ನಾಟಕ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ಶುರು ಮಾಡಿದಾಗ ಎದ್ದ ಜಗಳ ನೆನಪಿರಬೇಕು. ಕನ್ನಡ ಸಾಯುತ್ತದೆ ಅಂದರು ಹಲವು ಹಿರಿಯ ಸಾಹಿತಿಗಳು. ನಿಮ್ಮ ಮಕ್ಕಳಿಗೆ ಕಾನ್ವೆಂಟು, ನಮ್ಮ ಮಕ್ಕಳಿಗೆ ಮಾತ್ರ ಕನ್ನಡಮ್ಮನ ಸೇವೆಯೋ ಅಂತ ಕೇಳಿದೆವು ನಾವು. ಆ ಪ್ರಶ್ನೆ ಇವತ್ತೂ ನ್ಯಾಯವಾದದ್ದೇ. ಆದರೆ ಇಂಗ್ಲಿಷು ಸಿಕ್ಕಿತು ಅಂದುಕೊಂಡ ಮೇಲೆ ಆ ತರಗತಿಯೊಳಗೆ ಕೇರಿಯ ಮಗು ಏನು ಮಾಡುತ್ತಿದೆ ಅಂತ ಇಣುಕಿ ನೋಡಿದವರು ಎರಡೂ ಕಡೆ ಕಡಿಮೆ.

ಆ ಮಗುವಿಗೆ ಇಂಗ್ಲಿಷು ಎರಡನೇ ಭಾಷೆಯಲ್ಲ, ಮೂರನೆಯದು. ಮೊದಲನೆಯದು ಮನೆಯ ಮಾತು, ಎರಡನೆಯದು ಪುಸ್ತಕದ ಕನ್ನಡ. ಚಾಮರಾಜನಗರ ಸೀಮೆಯ ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು ‘ಸಾ, ನೀರ್ ಕುಡ್ಕಂಡ್ ಬತ್ತೀನಿ’ ಅಂದಳು. ‘ಮೊದ್ಲು ಕನ್ನಡನಾದ್ರೂ ನೆಟ್ಟಗೆ ಮಾತಾಡು, ಆಮೇಲೆ ಇಂಗ್ಲಿಷಲ್ಲಿ ಕೇಳು’ ಅಂದರು ಮೇಷ್ಟ್ರು. ಒಂದು ಲೋಟ ನೀರಿಗೆ ಎರಡು ಬೇಲಿ. ಹುಡುಗಿ ಸುಮ್ಮನೆ ಕೂತುಬಿಟ್ಟಳು. ನಮ್ಮವರು ಹಾಲನ್ನು ‘ಆಲು’ ಅಂದರೆ ನಗುವ ಮೇಷ್ಟ್ರೇ, ಎಚ್‌ನಿಂದ ಶುರುವಾಗುವ ಪದವನ್ನು ‘ಅವರ್’ ಅಂತ ಹಕಾರ ನುಂಗಿ ಓದಿಸುತ್ತಾರೆ. ಅದು ಶುದ್ಧ ಇಂಗ್ಲಿಷು!

ಹೊಸ ಭಾಷೆಗೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತಾಡದೆ ಬರೀ ಕೇಳಿಸಿಕೊಳ್ಳುತ್ತದೆ. ಕೆನಡಾದ ಜಿಮ್ ಕಮ್ಮಿನ್ಸ್ ವಲಸೆ ಬಂದ ಮಕ್ಕಳ ಕಲಿಕೆಯನ್ನು ನೋಡಿ ಹೇಳಿದ್ದು ಇದು: ಆಡುವ ಇಂಗ್ಲಿಷು ಎರಡು ವರ್ಷದಲ್ಲಿ ಬರಬಹುದು, ಪಾಠದ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಲೂ ಇಂಗ್ಲಿಷೇ ಇರುವ ದೇಶದಲ್ಲಿ. ನಮ್ಮಲ್ಲಿ ಮೇಲ್ಜಾತಿಯ ಮಗು ಸುಮ್ಮನಿದ್ದರೆ ನಾಚಿಕೆ ಸ್ವಭಾವ, ಕೇರಿಯ ಮಗು ಸುಮ್ಮನಿದ್ದರೆ ‘ತಲೆಗೆ ಹತ್ತಲ್ಲ’.

ಇನ್ನು ವಿಮರ್ಶೆಯ ಮಾತು. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಆ ಸೀಮೆಯ ಮಾತಿನ ಮುಂದೆ ಪಂಡಿತರೂ ತಡವರಿಸಿದರು. ಗಟ್ಟಿಯಾಗಿ ಓದಿ, ಬಲ್ಲವರನ್ನು ಕೇಳಿ, ಮತ್ತೆ ಓದಿ ದಕ್ಕಿಸಿಕೊಳ್ಳಬೇಕಾಯಿತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ತಡವರಿಸಿದ ಓದುಗರನ್ನು ಯಾರೂ ದಡ್ಡರೆನ್ನಲಿಲ್ಲ, ಕೃತಿ ಸಂಕೀರ್ಣ ಅಂದರು. ಕೇರಿಯ ಭಾಷೆ ಪುಸ್ತಕವಾದಾಗ ತೋರಿದ ಈ ತಾಳ್ಮೆ, ಅದೇ ಭಾಷೆಯ ಮಗು ತರಗತಿಗೆ ಬಂದಾಗ ಎಲ್ಲಿ ಹೋಯಿತು? ದಲಿತ ವಿಮರ್ಶೆ ಇದನ್ನು ಕೇಳದಿದ್ದರೆ ಇನ್ನೇನನ್ನು ಕೇಳುತ್ತದೆ?

ಮೇಷ್ಟ್ರು ಮಾಡಬೇಕಾದದ್ದು ದೊಡ್ಡ ಖರ್ಚಿನದೇನಲ್ಲ. ಉತ್ತರವನ್ನು ಮೊದಲು ಮನೆಯ ಮಾತಲ್ಲಿ ಹೇಳಲು ಬಿಡಬೇಕು. ಬೆರಳು ತೋರಿಸಿದರೂ, ಚಿತ್ರ ಬರೆದರೂ ಉತ್ತರ ಅಂತ ಒಪ್ಪಬೇಕು. ‘ಐ ಗೋ ಯೆಸ್ಟರ್‌ಡೇ’ ಅಂದರೆ ನಗದೆ, ‘ಓ, ಯು ವೆಂಟ್ ಯೆಸ್ಟರ್‌ಡೇ?’ ಅಂತ ಸರಿಯಾದದ್ದನ್ನು ತಿರುಗಿ ಅಂದು ಮುಂದಕ್ಕೆ ಹೋಗಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಮಕ್ಕಳನ್ನು ಗುಂಪಾಗಿ ಕೂರಿಸಿ ಅವರವರ ವೇಗಕ್ಕೆ ಕಲಿಯಲು ಬಿಟ್ಟಿತು. ದಾರಿ ನಮ್ಮಲ್ಲೇ ಇದೆ.

ಒಂದು ತೊಡಕು ಮಾತ್ರ ಪರದೇಶದ ಪುಸ್ತಕಗಳಿಗೆ ಕಾಣುವುದಿಲ್ಲ. ಭಾಷೆ ಬಲ್ಲ ಜೊತೆಗಾರನ ಪಕ್ಕ ಕೂರಿಸಿ ಅಂತ ಅವು ಒಂದೇ ಸಾಲಲ್ಲಿ ಮುಗಿಸುತ್ತವೆ. ಬಾಲಕ ಅಂಬೇಡ್ಕರ್ ಶಾಲೆಯಲ್ಲಿ ಪ್ರತ್ಯೇಕವಾಗಿ ಗೋಣಿತಟ್ಟಿನ ಮೇಲೆ ಕೂರಬೇಕಾಗಿದ್ದ ದೇಶ ಇದು. ನಾನೂ ಮೇಷ್ಟ್ರೇ. ಹಾಗೆ ಪಕ್ಕಪಕ್ಕ ಕೂರಿಸಿದ ಮಾರನೇ ದಿನ ಊರಿನ ಅಪ್ಪನೊಬ್ಬ ಬಂದು ‘ನಮ್ ಹುಡುಗನ್ನ ಬ್ಯಾರೆ ಕಡೆ ಕೂರ್ಸಿ ಸಾ’ ಅಂದ. ಆಗಲ್ಲ ಅಂದೆ. ಏನು ಹೇಳಬೇಕು ಅಂತ ನಾನು ಹೋದ ಯಾವ ಇಂಗ್ಲಿಷ್ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.